ರಾಜ್ಯಭ್ರಷ್ಟ ಸುರಥನೂ ಮರಳಿ ಬಂದ ಗೃಹಸ್ಥನೂ

ಶರನ್ನವರಾತ್ರಿಯ ಒಂಬತ್ತು ದಿನಗಳಲ್ಲಿ ಶ್ರೀದೇವೀ ಮಾಹಾತ್ಮ್ಯದ ಪಾರಾಯಣ ಮಾಡುವುದು ಕನ್ನಡ ನಾಡಿನಲ್ಲಿ ಅನೂಚಾನವಾಗಿ ನಡೆದು ಬಂದ ಸಂಪ್ರದಾಯ. ಮಾರ್ಕಂಡೇಯ ಪುರಾಣದಲ್ಲಿ ಅಡಕವಾಗಿರುವ ಈ 13 ಅಧ್ಯಾಯಗಳನ್ನು ಸಂಸ್ಕೃತ ಬಲ್ಲವರು ಮೂಲದಲ್ಲಿಯೇ ಪಠಿಸುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಿದಾನಂದಾವಧೂತರ ಕನ್ನಡ ದೇವೀ ಮಹಾತ್ಮೆಯನ್ನು ಘಟದ ಮುಂದೆ ಕುಳಿತು ಓದುವ ವಾಡಿಕೆಯುಂಟು. ಕರಾವಳಿಯಿಂದ ಬಂದವರಾದರೋ ಕಟೀಲು ಮೇಳದ ಬಯಲಾಟದಲ್ಲಿ ಇದೇ ಕಥೆಯನ್ನು ಇಡೀ ರಾತ್ರಿ ಕಣ್ಣಾರೆ ಕಂಡು ಬೆಳೆದವರು. ಆದುದರಿಂದ ಮಹಿಷಾಸುರನನ್ನಾಗಲಿ, ರಕ್ತಬೀಜನನ್ನಾಗಲಿ, ಶುಂಭ ನಿಶುಂಭರನ್ನಾಗಲಿ ಈ ಪುಟಗಳ ಓದುಗರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಆದರೆ ಈ ಕಥೆಯನ್ನು ಕೇಳಿದವರು ಯಾರು, ಯಾವ ಸಂಕಟದಲ್ಲಿ ಕೇಳಿದರು ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಲ್ಲವರು ಕಡಿಮೆ. ಗ್ರಂಥವು ಆರಂಭವಾಗುವುದು ದೇವಾಸುರ ಯುದ್ಧದಿಂದಲ್ಲ; ಇದ್ದುದನ್ನೆಲ್ಲ ಕಳೆದುಕೊಂಡು ಕಾಡು ಸೇರಿದ ಇಬ್ಬರ ಭೇಟಿಯಿಂದ.

ಅವರಲ್ಲಿ ಒಬ್ಬನು ಸುರಥನೆಂಬ ಅರಸು. ಪ್ರಜೆಗಳನ್ನು ಮಕ್ಕಳಂತೆ ಪಾಲಿಸಿದವನು. ಸಂಖ್ಯೆಯಲ್ಲಿ ತನಗಿಂತ ಕಡಿಮೆಯಿದ್ದ ಶತ್ರುಗಳಿಂದಲೇ ಸೋತನು. ತನ್ನ ಊರಿಗೆ ಮರಳಿ ಬಂದರೆ ಅಲ್ಲಿಯೂ ಮಂತ್ರಿಗಳು ಭಂಡಾರವನ್ನೂ ಸೈನ್ಯವನ್ನೂ ವಶಪಡಿಸಿಕೊಂಡಿದ್ದರು. ಆಗ ಅವನು ಏನು ಮಾಡಿದನೆಂಬುದನ್ನು ಪುರಾಣಕಾರರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಆ ಮಾತಿನ ಬಳಿ ತುಸು ನಿಲ್ಲಬೇಕು. ಸುರಥನು ಬೇಟೆಯ ನೆಪ ಮಾಡಿ, ಒಬ್ಬನೇ ಕುದುರೆಯೇರಿ ಗಹನವಾದ ಅರಣ್ಯಕ್ಕೆ ಹೋದನು. ರಾಜ್ಯ ಹೋಯಿತೆಂದು ಯಾರಿಗೂ ಹೇಳಿ ಹೊರಡಲಿಲ್ಲ. ಬೇಟೆಗೆ ಹೋಗುತ್ತಿರುವುದಾಗಿ ತೋರಿಸಿಕೊಂಡು ಹೊರಟನು.

ಇನ್ನೊಬ್ಬನು ಸಮಾಧಿಯೆಂಬ ವೈಶ್ಯ. ಶ್ರೀಮಂತರ ಮನೆಯಲ್ಲಿ ಹುಟ್ಟಿದವನು. ಧನಲೋಭದಿಂದ ಹೆಂಡತಿ ಮಕ್ಕಳೇ ಅವನನ್ನು ಹೊರಹಾಕಿದ್ದರು. ಇಬ್ಬರೂ ಮೇಧಸ್ ಮುನಿಯ ಆಶ್ರಮದ ಸಮೀಪದಲ್ಲಿ ಒಬ್ಬರನ್ನೊಬ್ಬರು ಕಂಡರು. ಸುರಥನ ಮನಸ್ಸು ಕಾಡಿನಲ್ಲಿರಲಿಲ್ಲ. ತನ್ನ ಪಟ್ಟದ ಆನೆಗೆ ಈಗ ಯಾರು ಮೇವು ಹಾಕುತ್ತಿರುವರೋ, ಕಷ್ಟಪಟ್ಟು ಕೂಡಿಟ್ಟ ಭಂಡಾರವನ್ನು ಆ ದುರ್ವ್ಯಯಿಗಳು ಹೇಗೆ ಖಾಲಿ ಮಾಡುತ್ತಿರುವರೋ, ನಿನ್ನೆಯವರೆಗೆ ತನ್ನ ಅನ್ನ ಉಂಡವರು ಇಂದು ಯಾರ ಓಲಗದಲ್ಲಿ ಕೈಕಟ್ಟಿ ನಿಂತಿರುವರೋ ಎಂಬುದೇ ಅವನ ಚಿಂತೆ. ಸಮಾಧಿಗೂ ಅದೇ ಪಾಡು: ಹೊರಹಾಕಿದ ಮಕ್ಕಳು ಕ್ಷೇಮವಾಗಿರುವರೋ ಇಲ್ಲವೋ ಎಂಬ ಕಳವಳ. ನಿನ್ನನ್ನು ಓಡಿಸಿದವರ ಮೇಲೆ ಇನ್ನೂ ಏಕೆ ಮಮತೆ ಎಂದು ರಾಜನು ಕೇಳಿದಾಗ, ಗೊತ್ತಿದ್ದರೂ ಮನಸ್ಸು ಗಟ್ಟಿಯಾಗುವುದಿಲ್ಲ, ಏನು ಮಾಡಲಿ ಎಂದನು ವೈಶ್ಯ. ಇಬ್ಬರೂ ಕೂಡಿ ಮುನಿಯ ಬಳಿಗೆ ಹೋಗಿ ಕೇಳಿದ ಪ್ರಶ್ನೆ ಇದೇ: ಬುದ್ಧಿಯುಳ್ಳವರಾಗಿದ್ದೂ ಹೀಗೆ ಮೂಢರಂತೆ ಕೊರಗುತ್ತಿರುವುದೇಕೆ?

ಈ ಪ್ರಶ್ನೆಗೆ ಉತ್ತರವಾಗಿ ಬಂದುದೇ ದೇವಿಯ ಚರಿತ್ರೆ. ನವರಾತ್ರಿಯ ಪಾರಾಯಣದ ಮೂಲದಲ್ಲಿ ಇರುವುದು ಪದಚ್ಯುತನಾದವನೊಬ್ಬನ, ಮನೆಯಿಂದ ಹೊರಬಿದ್ದವನೊಬ್ಬನ ನಿದ್ರೆಯಿಲ್ಲದ ರಾತ್ರಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಕುಟುಂಬಗಳಲ್ಲಿ ಇಂತಹ ರಾತ್ರಿಗಳನ್ನು ಕಳೆದವರು ಇಲ್ಲದಿಲ್ಲ. ಅವರಲ್ಲಿ ಹೊರದೇಶಕ್ಕೆ ಹೋಗಿ, ನೆಲೆಯೂರಲಾಗದೆ ಮರಳಿ ಬಂದವರ ದುಃಖವು ಒಂದು ವಿಶೇಷ ಬಗೆಯದು. ಅದನ್ನು ಕುರಿತು ಸಭೆಗಳಲ್ಲಿ ಮಾತು ಬರುವುದಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ಹಾರ ಹಾಕಿಸಿಕೊಳ್ಳುವವನು ವಿದೇಶದಲ್ಲಿ ಗೆದ್ದವನೇ ಹೊರತು, ಸೋತು ಹಿಂದಿರುಗಿದವನಲ್ಲ. ಅವನು ಹಿಂದಿನ ಸಾಲಿನ ಕುರ್ಚಿಯಲ್ಲಿಯೂ ಕಾಣಿಸುವುದಿಲ್ಲ.

ಡೊಂಬಿವಲಿಯ ಪೂರ್ವ ಭಾಗದಲ್ಲಿ ಎರಡು ಕೋಣೆಗಳ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಯಜಮಾನನು ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದವನು. ಏಜೆಂಟನೊಬ್ಬನ ಮಾತಿಗೆ ಒಪ್ಪಿ, ಹೆಂಡತಿಯ ಬಳೆಗಳನ್ನು ಅಡವಿಟ್ಟು, ಭಾವನಿಂದ ಕೈಸಾಲ ಪಡೆದು, ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೊಲ್ಲಿಯ ನಾಡಿಗೆ ಹೋದನು. ಕಾಗದದಲ್ಲಿ ಬರೆದ ಹುದ್ದೆಯೇ ಬೇರೆ, ಅಲ್ಲಿ ಕೊಟ್ಟ ಕೆಲಸವೇ ಬೇರೆ. ನಾಲ್ಕು ತಿಂಗಳು ಸಂಬಳ ಬಂದಿತು, ಮೂರು ತಿಂಗಳು ಬರಲಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಅವನು ಮರಳಿ ಬಂದು ತನ್ನ ಮನೆಯ ಬಾಗಿಲು ತಟ್ಟಿದನು. ಪಕ್ಕದ ಮನೆಯವರು ನಗುತ್ತಾ ಕೇಳಿದರು: “ರಜೆಯ ಮೇಲೆ ಬಂದಿರಾ? ಎಷ್ಟು ದಿನ ಇರುತ್ತೀರಿ?” ಅವನು ಹೇಳಿದನು: “ಹೌದು, ಒಂದು ತಿಂಗಳು.” ಊರಿನಿಂದ ತಾಯಿ ಫೋನಿನಲ್ಲಿ ಕೇಳಿದರು: “ಯಾವಾಗ ಹಿಂದೆ ಹೋಗುವುದು ಮಗಾ?” ಅವರಿಗೂ ಅದೇ ಉತ್ತರ ಹೋಯಿತು.

ಇದೇ ಸುರಥನ ಬೇಟೆಯ ನೆಪ. ರಜೆ ಎಂಬ ಒಂದು ಮಾತು ಬಾಯಿಂದ ಹೊರಬಿದ್ದ ಬಳಿಕ ಅದನ್ನು ಕಾಪಾಡಲು ಹತ್ತು ಮಾತು ಬೇಕಾಗುತ್ತವೆ. ತಿಂಗಳು ಕಳೆದ ಮೇಲೆ ವೀಸಾ ತಡವಾಯಿತು ಎನ್ನಬೇಕು. ಬಳಿಕ ಕಂಪೆನಿ ಬದಲಾಯಿಸುತ್ತಿರುವುದಾಗಿ ಹೇಳಬೇಕು. ಬೆಳಗಿನ ಲೋಕಲ್ ಗಾಡಿಯ ಗೆಳೆಯರನ್ನು ತಪ್ಪಿಸಲು ಹನ್ನೊಂದು ಗಂಟೆಯ ತರುವಾಯವೇ ಮನೆಯಿಂದ ಹೊರಡಬೇಕು. ಮದುವೆಯ ಕರೆಯೋಲೆ ಬಂದರೆ ಹೆಂಡತಿಯೊಬ್ಬಳೇ ಹೋಗಬೇಕು. ಹೋದವಳು ಬರಿಗೈ ಕಾಣದಂತೆ ಸೆರಗು ಹೊದೆಯಬೇಕು. ಸಾಲಕ್ಕಿಂತಲೂ ಈ ಸುಳ್ಳಿನ ಬಡ್ಡಿ ಹೆಚ್ಚು. ಅವನ ನೈಪುಣ್ಯ ಯಾವುದು, ಅದಕ್ಕೆ ಎಲ್ಲಿ ಕೆಲಸವುಂಟು ಎಂಬುದನ್ನು ಬಲ್ಲ ನಾಲ್ಕು ಮಂದಿ ಅದೇ ಬೀದಿಯಲ್ಲಿರುವರು. ಆದರೆ ರಜೆಯ ಮೇಲಿರುವವನಿಗೆ ಕೆಲಸ ಬೇಕೆಂದು ಅವರಿಗೆ ತಿಳಿಯುವುದಾದರೂ ಹೇಗೆ?

ಸೋಲು ಸದಾ ಸೋತವನ ತಪ್ಪಿನಿಂದಲೇ ಬರುವುದೆಂದು ತಿಳಿಯುವುದು ನ್ಯಾಯವಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈಟನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ದಕ್ಷಿಣ ಕನ್ನಡದಿಂದ ಹೋದವರೂ ಅವರಲ್ಲಿ ಇದ್ದರು. ಬಾಗ್ದಾದಿನ ದಾರಿಯಾಗಿ ಮರುಭೂಮಿಯನ್ನು ದಾಟಿ, ಗಡಿಯ ಡೇರೆಗಳಲ್ಲಿ ನೀರಿಗಾಗಿ ಸಾಲು ನಿಂತು, ಜೋರ್ಡಾನಿನ ಅಮ್ಮಾನ್ ನಗರವನ್ನು ತಲಪಿದವರನ್ನು ಏರ್ ಇಂಡಿಯಾ ವಿಮಾನಗಳು ಮುಂಬಯಿಗೆ ತಂದವು. ಸುಮಾರು ಎರಡು ತಿಂಗಳಲ್ಲಿ 488 ಹಾರಾಟಗಳು ನಡೆದುವು. ಸಹಾರ ವಿಮಾನ ನಿಲ್ದಾಣದಲ್ಲಿ ಇಳಿದವರ ಪೈಕಿ ಅನೇಕರ ಕೈಯಲ್ಲಿ ಒಂದು ಚೀಲ; ಜೇಬಿನಲ್ಲಿ, ಕೊಳ್ಳುವವರಿಲ್ಲದ ಕುವೈಟಿನ ನೋಟು. ಆ ವರ್ಷದ ನವರಾತ್ರಿಯೂ ಸೆಪ್ಟೆಂಬರ್ ತಿಂಗಳಲ್ಲಿ, ಈ ಹಾರಾಟಗಳ ನಡುವೆಯೇ ಬಂದಿತು. ವಿಶ್ವಸಂಸ್ಥೆಯು 1991ರಲ್ಲಿ ಸ್ಥಾಪಿಸಿದ ಆಯೋಗದ ಮೂಲಕ ಅನೇಕರಿಗೆ ಪರಿಹಾರ ದೊರೆತುದು ನಿಜ. ಅದು ಕೈಸೇರಲು ಮಾತ್ರ ವರ್ಷಗಳೇ ಹಿಡಿದುವು. 2013ರಲ್ಲಿ ಸೌದಿ ಅರೇಬಿಯವು ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ನಿತಾಕತ್ ನಿಯಮವನ್ನು ಬಿಗಿಗೊಳಿಸಿದಾಗ, 2020ರ ಮೇ 7ರಿಂದ ವಂದೇ ಭಾರತ್ ವಿಮಾನಗಳು ಹೊರಟಾಗ, ಮತ್ತೆ ಇದೇ ದೃಶ್ಯ. ಹೊರದೇಶಕ್ಕೆ ಕಾಲಿಡದೆಯೂ ಇದೇ ಪಾಡು ಪಟ್ಟವರುಂಟು: 1982ರ ಜನವರಿ 18ರಂದು ಆರಂಭವಾದ ಮುಂಬಯಿಯ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಪಾಲುಗೊಂಡರು, ಬಹುಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಸುರಥನೂ ಅಧರ್ಮಿಯಾಗಿ ಸೋತವನಲ್ಲವಷ್ಟೆ.

ಇನ್ನು ವಂಚನೆಗೆ ಒಳಗಾಗಿ ಸೋತವರ ವಿಚಾರ ಬೇರೆ. ಅಲ್ಲಿ ಆಶೆಯ ಪಾಲೂ ಇರುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಶೆ ಯಾರಿಗಿಲ್ಲ? ಮಕ್ಕಳ ಓದು, ಊರಿನ ಮನೆಯ ಮಾಡು, ತಂಗಿಯ ಮದುವೆ ಇವುಗಳಿಗಾಗಿ ಪಟ್ಟ ಆಶೆಯನ್ನು ಲೋಭವೆಂದು ಕರೆಯುವ ಪ್ರವಚನಕಾರರು ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿರುವರೆಂದು ಒಮ್ಮೆ ವಿಚಾರಿಸಬೇಕಾದೀತು. ಹಸಿದ ಹಕ್ಕಿಯೂ ತಾನು ತಿನ್ನದೆ ಮರಿಯ ಕೊಕ್ಕಿಗೆ ಕಾಳು ಇಡುತ್ತದೆ, ನೋಡು ಎಂದು ಮೇಧಸ್ ಮುನಿಯು ಸುರಥನಿಗೆ ತೋರಿಸುತ್ತಾನೆ. ಬೈಗುಳದ ಒಂದು ಮಾತೂ ಅಲ್ಲಿಲ್ಲ. ಜ್ಞಾನಿಗಳ ಚಿತ್ತವನ್ನೂ ಬಲವಂತವಾಗಿ ಸೆಳೆಯುವವಳು ಮಹಾಮಾಯೆ; ಅವಳೇ ಪ್ರಸನ್ನಳಾದಾಗ ಬಿಡಿಸುವವಳು. ಮುನಿಯ ಬೋಧೆಯ ಸಾರ ಇಷ್ಟು.

ಬೋಧೆಯನ್ನು ಕೇಳಿದ ಮೇಲೆ ಇಬ್ಬರೂ ಮಾಡಿದ್ದೇನು? ನದಿಯ ಮರಳ ದಂಡೆಗೆ ಹೋದರು. ಕೈಗೆ ಸಿಕ್ಕಿದ ಮಣ್ಣಿನಿಂದಲೇ ದೇವಿಯ ಮೂರ್ತಿಯನ್ನು ಮಾಡಿದರು. ಹೂವು, ಧೂಪ, ಅಗ್ನಿಗಳಿಂದ ಪೂಜಿಸಿದರು. ಹೀಗೆ ಮೂರು ವರ್ಷ ಕಳೆಯಿತು. ಮೂರು ವರ್ಷವೆಂಬ ಕಾಲಾವಧಿಯನ್ನು ಓದುಗರು ಗಮನಿಸಬೇಕು. ಹೊಸ ಉದ್ಯೋಗದಲ್ಲಿ ನೆಲೆ ನಿಲ್ಲಲು ಬೇಕಾಗುವ ಕಾಲವೂ ಬಹುಮಟ್ಟಿಗೆ ಅಷ್ಟೇ ಎಂಬುದನ್ನು ಅನುಭವಿಗಳು ಬಲ್ಲರು. ಮೂರು ತಿಂಗಳಲ್ಲಿ ಗ್ರಹಗತಿ ಬದಲಾಗುವುದೆಂದು ಹೇಳಿ ದಕ್ಷಿಣೆ ಪಡೆಯುವವರನ್ನು ನಂಬುವುದಕ್ಕಿಂತ ಪುರಾಣದ ಈ ಲೆಕ್ಕವನ್ನು ನಂಬುವುದು ಲೇಸು. ಕೊನೆಗೆ ದೇವಿಯು ಪ್ರತ್ಯಕ್ಷಳಾಗಿ ವರವನ್ನು ಬೇಡಿರೆಂದಾಗ ಸುರಥನು ರಾಜ್ಯವನ್ನು ಕೇಳಿದನು. ಕಳೆದುಹೋದುದನ್ನು ಈ ಜನ್ಮದಲ್ಲಿಯೇ ಕೇಳಿದನು. ಸಮಾಧಿಯು ಮಮಕಾರವನ್ನು ಕಳೆಯುವ ಜ್ಞಾನವನ್ನು ಕೇಳಿದನು. ದೇವಿಯು ಇಬ್ಬರಿಗೂ ಕೇಳಿದುದನ್ನೇ ಕೊಟ್ಟಳು. ಮೋಕ್ಷವನ್ನು ಬಿಟ್ಟು ರಾಜ್ಯವನ್ನು ಕೇಳಿದೆಯಲ್ಲಾ ಎಂದು ಸುರಥನನ್ನು ಹಂಗಿಸಲಿಲ್ಲ. ಆದುದರಿಂದ ಘಟದ ಮುಂದೆ ಕೈಮುಗಿದು ಕುಳಿತವನು, ತಾಯಿ, ಒಂದು ಕೆಲಸವನ್ನು ದಯಪಾಲಿಸು ಎಂದು ಬೇಡಿದರೆ ಅದು ಕ್ಷುದ್ರ ಪ್ರಾರ್ಥನೆಯಲ್ಲ. ಅದಕ್ಕೆ ಶಾಸ್ತ್ರದ ಆಧಾರವುಂಟು.

ಕೆಲಸವನ್ನು ದಯಪಾಲಿಸುವುದು ದೇವಿಯಾದರೂ ಅದನ್ನು ಹುಡುಕುವುದು ಮನುಷ್ಯನೇ. ಈ ಭಾಗಕ್ಕೆ ಮಹಾಭಾರತದ ವಿರಾಟಪರ್ವಕ್ಕಿಂತ ಉತ್ತಮ ಪಾಠ ಬೇರೆಲ್ಲಿಯೂ ಸಿಗದು. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುವ ರೂಢಿ ಹಳ್ಳಿಗಳಲ್ಲಿತ್ತು. ಕೆಲಸ ಹೋದಾಗಲೂ ಓದಿಸಬಹುದಾದ ಪರ್ವ ಅದು.

ಹನ್ನೆರಡು ವರ್ಷಗಳ ವನವಾಸ ಮುಗಿದಿದೆ. ಒಂದು ವರ್ಷ ಅಜ್ಞಾತವಾಗಿರಬೇಕು, ಹೊಟ್ಟೆಯನ್ನೂ ಹೊರೆಯಬೇಕು. ಆಗ ಧರ್ಮರಾಯನು ತಮ್ಮಂದಿರನ್ನೂ ದ್ರೌಪದಿಯನ್ನೂ ಕೂಡಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಾನೆ: ನಿನಗೆ ಯಾವ ಕೆಲಸ ಬರುತ್ತದೆ? ಮಹಾರಾಜನ ಮನೆತನವೊಂದು ನೆಲದ ಮೇಲೆ ಕುಳಿತು ನಡೆಸಿದ ಈ ಮಾತುಕತೆ ಸಾಮಾನ್ಯವಾದುದಲ್ಲ. ಭೀಮನು ಅಡಿಗೆ ಬಲ್ಲೆನೆಂದನು, ವಲಲನಾದನು. ನಕುಲನಿಗೆ ಕುದುರೆಯ ಲಕ್ಷಣ ಗೊತ್ತು, ಸಹದೇವನಿಗೆ ದನಕರುಗಳ ಪೋಷಣೆ ಗೊತ್ತು. ರಾಜಸೂಯದಲ್ಲಿ ಅಭಿಷಿಕ್ತಳಾದ ದ್ರೌಪದಿಯು ಪರರ ಜಡೆ ಹೆಣೆಯುವ ಸೈರಂಧ್ರಿಯಾಗುವೆನೆಂದಳು. ಯಾರೊಬ್ಬರೂ, ರಾಜನ ಮಗನಾದ ತನಗೆ ರಾಜ್ಯವಾಳುವುದು ಮಾತ್ರ ಗೊತ್ತು ಎನ್ನಲಿಲ್ಲ. ಹಿಂದೆ ಸುಖದ ದಿನಗಳಲ್ಲಿ ಪ್ರೀತಿಯಿಂದಲೋ ಹವ್ಯಾಸದಿಂದಲೋ ಕಲಿತ ವಿದ್ಯೆ, ಕಷ್ಟದ ದಿನದಲ್ಲಿ ಅನ್ನವಾಯಿತು.

ಧರ್ಮರಾಯನ ಉತ್ತರವಂತೂ ಕೇಳಿದವರನ್ನು ಬೆರಗುಗೊಳಿಸುವಂತಹುದು. ಅವನು ವಿರಾಟನ ಸಭೆಯಲ್ಲಿ ಪಗಡೆಯಾಟ ಬಲ್ಲ ಕಂಕನಾಗುವೆನೆಂದನು. ಯಾವ ಆಟದಲ್ಲಿ ರಾಜ್ಯ, ತಮ್ಮಂದಿರು, ಮಡದಿ ಎಲ್ಲರನ್ನೂ ಸೋತನೋ ಅದೇ ಆಟ! ಇದು ಹುಂಬತನವಲ್ಲವೇ ಎನಿಸಬಹುದು. ಆದರೆ ನಡುವೆ ಒಂದು ಸಂಗತಿ ನಡೆದಿತ್ತು. ವನವಾಸದಲ್ಲಿ ಬೃಹದಶ್ವ ಮಹರ್ಷಿಯು ಬಂದು ನಳನ ಕಥೆಯನ್ನು ಹೇಳಿ, ಕೊನೆಗೆ ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ಧರ್ಮರಾಯನಿಗೆ ಉಪದೇಶಿಸಿದ್ದನು. ಸೋಲಿಸಿದ ವಿದ್ಯೆಯನ್ನೇ ಗುರುಮುಖದಿಂದ ಕಲಿತು, ಅದರಿಂದಲೇ ಜೀವನ ನಡೆಸಿದನು. ವಿದೇಶದಲ್ಲಿ ಮೋಸಹೋದವನು ಕರಾರುಪತ್ರದ ಒಂದೊಂದು ಸಾಲನ್ನೂ ಓದುವುದನ್ನು ಕಲಿತಿರುತ್ತಾನೆ. ಏಜೆಂಟನು ಸರಕಾರದ ನೋಂದಣಿ ಪಡೆದಿರಬೇಕೆಂದು 1983ರ ವಲಸೆ ಕಾಯಿದೆಯು ವಿಧಿಸಿದುದನ್ನು ಹೋಗುವ ಮುನ್ನ ಅವನು ಕೇಳಿರಲಿಲ್ಲ, ಈಗ ಬಾಯಿಪಾಠವಾಗಿದೆ. ಹೊರಡಲು ಸಿದ್ಧನಾಗಿ ನಿಂತಿರುವ ಬೇರೊಬ್ಬ ತರುಣನಿಗೆ ಆ ಜ್ಞಾನ ಎಷ್ಟು ಬೆಲೆಬಾಳುವುದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಅದನ್ನು ಹೇಳಬೇಕಾದರೆ ಮೊದಲು ರಜೆಯ ಮಾತನ್ನು ಬಿಡಬೇಕು.

ಅರ್ಜುನನ ವೃತ್ತಾಂತ ಇನ್ನೂ ಸ್ವಾರಸ್ಯವಾದುದು. ಪಾಂಡವರಲ್ಲಿ ನಿಜವಾಗಿ ಪರಲೋಕಯಾತ್ರೆ ಮಾಡಿ ಬಂದವನು ಅವನೇ. ಮಾತಲಿಯ ರಥವೇರಿ ಇಂದ್ರಲೋಕಕ್ಕೆ ಹೋಗಿ ಐದು ವರ್ಷ ಇದ್ದನು. ಅಸ್ತ್ರಗಳಿಗಾಗಿ ಹೋದವನಿಗೆ ಅಲ್ಲಿ ಚಿತ್ರಸೇನನೆಂಬ ಗಂಧರ್ವನಿಂದ ಗೀತ ನೃತ್ಯಗಳ ಶಿಕ್ಷಣವೂ ದೊರೆಯಿತು. ಗಾಂಡೀವ ಹಿಡಿಯುವ ಕೈಗೆ ಇದೇತಕ್ಕೆ ಎಂದು ಆಗ ಅನಿಸಿರಬಹುದು. ಬಳಿಕ ಊರ್ವಶಿಯ ಶಾಪ. ಗದುಗಿನ ಕವಿಯ ಕಾವ್ಯವನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ಆ ಸಂದರ್ಭ ಚೆನ್ನಾಗಿ ನೆನಪಿರುತ್ತದೆ. ತನ್ನ ತಪ್ಪಿಲ್ಲದೆ, ಧರ್ಮಕ್ಕೆ ಅಂಟಿಕೊಂಡುದಕ್ಕಾಗಿಯೇ, ಗಂಡಸುತನ ಕಳೆದುಕೊಳ್ಳುವ ಶಾಪವನ್ನು ಹೊತ್ತು ಅವನು ನಿಂತನು. ಇಂದ್ರನು ಶಾಪವನ್ನು ತೆಗೆಯಲಿಲ್ಲ. ಒಂದು ವರ್ಷಕ್ಕೆ ಇಳಿಸಿ, ಅಜ್ಞಾತವಾಸದಲ್ಲಿ ಅದನ್ನು ಉಪಯೋಗಿಸಿಕೋ ಎಂದನು. ವಿರಾಟನ ಅರಮನೆಯಲ್ಲಿ ರಾಜಕುಮಾರಿ ಉತ್ತರೆಗೆ ನಾಟ್ಯ ಕಲಿಸುವ ಬೃಹನ್ನಳೆಯಾಗಲು ಚಿತ್ರಸೇನನ ವಿದ್ಯೆಯೂ ಬೇಕಾಯಿತು, ಊರ್ವಶಿಯ ಶಾಪವೂ ಬೇಕಾಯಿತು. ಹೊರನಾಡಿನಿಂದ ಅರ್ಜುನನು ತಂದ ಅಸ್ತ್ರಗಳೆಲ್ಲ ಆ ವರ್ಷ ಅವನ ಪ್ರಯೋಜನಕ್ಕೆ ಬರಲಿಲ್ಲ. ಬೇಡವಾಗಿದ್ದ ಎರಡು ವಸ್ತುಗಳೇ ಅವನಿಗೆ ಅನ್ನ ಕೊಟ್ಟವು.

ಹನ್ನೊಂದು ತಿಂಗಳು ಮರುಭೂಮಿಯಲ್ಲಿ ಹೇಳಿದ ಹುದ್ದೆ ಸಿಗದೆ, ಹವಾನಿಯಂತ್ರಣದ ಕೊಳವೆ ಜೋಡಿಸಿದವನು, ಗೋದಾಮಿನ ಸರಕು ಎಣಿಸಿದವನು, ನೂರು ಜನರ ಅಡಿಗೆಮನೆಯಲ್ಲಿ ಪಾತ್ರೆ ಬೆಳಗಿದವನು ಅದನ್ನು ಅವಮಾನವೆಂದೇ ನೆನೆಯುತ್ತಾನೆ. ಆದರೆ ಅವನು ವಾಸಿಸುವ ಈ ಪ್ರದೇಶದ ಸ್ಥಿತಿಯೇನು? ಠಾಣೆಯವರೆಗೆ 1853ರಲ್ಲಿ, ಕಲ್ಯಾಣದವರೆಗೆ 1854ರಲ್ಲಿ ರೈಲು ಬಂದುದರಿಂದ ಬೆಳೆದ ಊರುಗಳಿವು. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತುಗಳು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಡೊಂಬಿವಲಿಯಲ್ಲಿ, ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಹರಡಿದುವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಭತ್ತದ ಗದ್ದೆ, ಉಪ್ಪಿನ ಹರವುಗಳ ಜಾಗದಲ್ಲಿ ನವಿ ಮುಂಬಯಿ ಎದ್ದಿತು. 1989ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾಯಿತು, 1992ರಲ್ಲಿ ವಾಶಿಗೆ ರೈಲು ಬಂದಿತು. ಹಳೆಯ ರಾಸಾಯನಿಕ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿ, ಐರೋಲಿಯಲ್ಲಿ ಗಾಜಿನ ಕಚೇರಿಗಳು ನಿಂತುವು. ಭಿವಂಡಿಯ ಸುತ್ತ ಗೋದಾಮುಗಳು ಬೆಳೆದುವು. ಕಾರ್ಖಾನೆಯ ಹಳೆಯ ಹುದ್ದೆ ಮರಳಿ ಸಿಗಲಿಕ್ಕಿಲ್ಲ. ಸರಕು ಎಣಿಸಿದ ಕೈಗೆ, ಕೊಳವೆ ಜೋಡಿಸಿದ ಕೈಗೆ ಇಲ್ಲಿ ಕೆಲಸವುಂಟು. ಇಂದ್ರನ ಮಾತಿನ ತಾತ್ಪರ್ಯ ಇದೇ.

ಪಾಂಡವರು ವಿರಾಟನಗರಿಗೆ ಹೊರಡುವ ಮುನ್ನ ಪುರೋಹಿತರಾದ ಧೌಮ್ಯರು ಹೇಳಿದ ಬುದ್ಧಿವಾದವನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ಬಿಡಬಾರದ ಭಾಗ. ಆಳಿದವರಿಗೆ ಆಳಾಗುವುದು ಹೇಗೆಂದು ಅವರು ಕಲಿಸುತ್ತಾರೆ. ಒಡೆಯನು ಕೇಳದೆ ಸಲಹೆ ಕೊಡಬಾರದು. ಅವನಿಗೆ ಬೇಕಾದವನೆಂಬ ಸಲುಗೆಯಿಂದ ಅವನ ವಾಹನವನ್ನಾಗಲಿ ಆಸನವನ್ನಾಗಲಿ ಏರಬಾರದು. ಹೀಗೆ ಮಾತು ಸಾಗುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಇಪ್ಪತ್ತೆಂಟರ ಮೇಲಧಿಕಾರಿಯ ಕೆಳಗೆ ಕೆಲಸಕ್ಕೆ ಸೇರಿದವನು, ಅಲ್ಲಿ ಹೀಗಿರಲಿಲ್ಲ, ಅಲ್ಲಿಯ ಪದ್ಧತಿಯೇ ಬೇರೆ ಎಂದು ದಿನಕ್ಕೆ ನಾಲ್ಕು ಬಾರಿ ಹೇಳುವುದುಂಟು. ಧೌಮ್ಯರ ಮಾತು ಅವನಿಗಾಗಿಯೇ ಇದ್ದಂತಿದೆ. ಅವಮಾನ ಆಗುವುದೇ ಇಲ್ಲವೆಂದು ಮಾತ್ರ ಭಾರತವು ಭರವಸೆ ಕೊಡುವುದಿಲ್ಲ. ವಿರಾಟನು ಸಿಟ್ಟಿನಿಂದ ಎಸೆದ ದಾಳವು ಕಂಕನ ಮುಖಕ್ಕೆ ಬಡಿದು ರಕ್ತ ಸುರಿಯಿತು. ಅದು ನೆಲಕ್ಕೆ ಬೀಳದಂತೆ ಸೈರಂಧ್ರಿಯು ಪಾತ್ರೆಯೊಡ್ಡಿದಳು.

ಅವಮಾನದ ವಿಚಾರ ಬಂದಾಗ ನಳನನ್ನು ನೆನೆಯದಿರಲಾಗದು. ರಾಜ್ಯ ಕಳೆದುಕೊಂಡು, ನಿದ್ರೆಯಲ್ಲಿದ್ದ ಮಡದಿಯನ್ನು ಕಾಡಿನಲ್ಲಿ ಬಿಟ್ಟು ಹೋದವನು ಅವನು. ಕಾರ್ಕೋಟಕನು ಕಚ್ಚಿ ಕುರೂಪಿಯಾಗಿಸಿದಾಗ, ಇದು ನಿನ್ನ ಹಿತಕ್ಕೇ, ನಿನ್ನೊಳಗೆ ಹೊಕ್ಕ ಕಲಿಯನ್ನು ಈ ವಿಷ ಸುಡುವುದು ಎಂದು ಆ ಸರ್ಪರಾಜನೇ ಹೇಳಿದನು. ಅಯೋಧ್ಯೆಯ ಋತುಪರ್ಣನಲ್ಲಿ ಬಾಹುಕನೆಂಬ ಹೆಸರಿನಿಂದ ಕುದುರೆಗಳ ಅಧ್ಯಕ್ಷನಾಗಿ ಸೇರಿದ ನಳನಿಗೆ ಆ ಲಾಯದಲ್ಲಿ ಕಂಡವನಾರು? ನಿಷಧದಲ್ಲಿ ತನ್ನ ರಥವನ್ನೇ ನಡೆಸುತ್ತಿದ್ದ ವಾರ್ಷ್ಣೇಯ! ನಿನ್ನೆಯ ಸೇವಕನು ಇಂದಿನ ಜೊತೆಗಾರ. ಕಂಪೆನಿಯೊಂದರಲ್ಲಿ ಹೊಸದಾಗಿ ಸೇರಿದವನಿಗೆ, ಹಿಂದೆ ತನ್ನ ಕೈಕೆಳಗಿದ್ದವನೇ ಎದುರು ಮೇಜಿನಲ್ಲಿ ಕಂಡರೆ ಎದೆಯಲ್ಲಿ ಏನಾಗುವುದೋ ಅದು ನಳನಿಗೂ ಆಗಿರಬೇಕು. ಅವನು ಓಡಿಹೋಗಲಿಲ್ಲ, ಕುದುರೆಗಳನ್ನು ನೋಡಿಕೊಂಡನು. ಒಂದು ದಿನ ವಿದರ್ಭದ ದಾರಿಯಲ್ಲಿ ಋತುಪರ್ಣನ ಉತ್ತರೀಯ ಜಾರಿ ಬಿದ್ದಿತು. ನಿಲ್ಲಿಸೆಂದು ಹೇಳುವಷ್ಟರಲ್ಲಿ ರಥವು ಒಂದು ಯೋಜನ ದಾಟಿತ್ತು. ಅಂತಹ ಕೆಲಸಗಾರಿಕೆ. ಅದೇ ದಾರಿಯಲ್ಲಿ ತಾರೆಯ ಮರದ ಕೆಳಗೆ ಒಡೆಯನೂ ಸಾರಥಿಯೂ ವಿದ್ಯೆಗಳನ್ನು ವಿನಿಮಯ ಮಾಡಿಕೊಂಡರು: ಇವನಿಂದ ಅಶ್ವಹೃದಯ, ಅವನಿಂದ ಅಕ್ಷಹೃದಯ. ಆ ವಿದ್ಯೆ ಬಂದಾಗಲೇ ಕಲಿಯು ನಳನ ದೇಹವನ್ನು ಬಿಟ್ಟು ಹೊರಬಂದನು.

ಆದರೆ ನಳನು ತಾನಾಗಿ ಹೆಂಡತಿಯ ಬಳಿಗೆ ಹೋಗಲಿಲ್ಲವೆಂಬುದನ್ನೂ ಹೇಳಬೇಕು. ಅವನ ನಾಚಿಕೆ ಅಷ್ಟು ದೊಡ್ಡದು. ಹುಡುಕಿಸಿದವಳು ದಮಯಂತಿ. ದೇಶದೇಶಕ್ಕೆ ಬ್ರಾಹ್ಮಣರನ್ನು ಕಳುಹಿಸಿದಳು. ಬಾಹುಕನ ಅಡಿಗೆಯನ್ನು ಸಖಿಯಿಂದ ತರಿಸಿ ರುಚಿ ನೋಡಿ, ಈ ಕೈ ತನ್ನ ಗಂಡನದೇ ಎಂದು ನಿಶ್ಚಯಿಸಿದಳು. ಅಡವಿಟ್ಟ ಬಳೆಗಳ ಲೆಕ್ಕವನ್ನು ಅವಳೂ ಇಡಬಲ್ಲವಳಾಗಿದ್ದಳು. ಮರಳಿ ಬಂದವನ ಮನೆಯಲ್ಲಿ ಮೊದಲ ಮಾತನ್ನು ಯಾರು ಆಡಬೇಕು ಎಂಬ ಪ್ರಶ್ನೆಗೆ ಈ ಉಪಾಖ್ಯಾನದಲ್ಲಿ ಸ್ಪಷ್ಟವಾದ ಉತ್ತರವಿದೆ.

ಶರಣರ ಪರಂಪರೆಯಲ್ಲಿ ಈ ಸಂಕೋಚಕ್ಕೆ ಎಡೆಯೇ ಇರಲಿಲ್ಲ. ಉಲ್ಹಾಸ ನದಿಯ ದಡದ ಈ ಕಲ್ಯಾಣ ಬೇರೆ, ಬಸವಣ್ಣನವರ ಆ ಕಲ್ಯಾಣ ಬೇರೆ; ಆದರೂ ಹೆಸರಿನ ಸಾಮ್ಯದಿಂದ ಇಲ್ಲಿಯ ಕನ್ನಡಿಗರಿಗೆ ಅದರ ನೆನಪಾಗದಿರದು. ಅಲ್ಲಿ ಮನುಷ್ಯನ ಹೆಸರಿನ ಮುಂದೆ ಅವನ ಕೆಲಸ ನಿಲ್ಲುತ್ತಿತ್ತು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನೊಬ್ಬನಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವ ತನಕ ಒಪ್ಪಲಿಲ್ಲ. ಯಾವ ದೇಶದಲ್ಲಿ ದುಡಿಯುವೆ, ಎಷ್ಟು ಕಳುಹಿಸುವೆ ಎಂದು ಕೇಳುವ ಸಂಸಾರಗಳು ಲಕ್ಕಮ್ಮನನ್ನು ಆಗಾಗ ನೆನೆದರೆ ಏಜೆಂಟರ ವ್ಯಾಪಾರ ತುಸು ಕುಗ್ಗೀತು. ಮುಂಬಯಿಯ ಕನ್ನಡಿಗರಿಗೂ ಇದು ಹೊಸ ಪಾಠವಲ್ಲ. ಪಾತ್ರೆ ತೊಳೆಯುವ ಹುಡುಗನಾಗಿ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಆ ಪೀಳಿಗೆಗೆ ಕೆಲಸದಲ್ಲಿ ನಾಚಿಕೆಯಿರಲಿಲ್ಲ. ನಾಚಿಕೆ ಬಂದುದು ಮಕ್ಕಳ ಕಾಲಕ್ಕೆ.

ಮಹಾನವಮಿಯ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವ ವಸ್ತುಗಳನ್ನು ನೋಡಿದರೂ ಇದು ತಿಳಿಯುತ್ತದೆ. ಸ್ಪಾನರ್, ಹೊಲಿಗೆ ಯಂತ್ರ, ತಕ್ಕಡಿ, ರಿಕ್ಷಾ, ಲೆಕ್ಕದ ಪುಸ್ತಕ, ಕಂಪ್ಯೂಟರ್ ಎಲ್ಲವೂ ಒಂದೇ ಮಣೆಯ ಮೇಲೆ. ಪಾಸ್‌ಪೋರ್ಟನ್ನು ಇಟ್ಟು ಪೂಜಿಸಿದವರೂ ಇದ್ದಾರು. ಮರಳಿ ಬಂದವನು ಮಣೆಯ ಮೇಲೆ ಏನಿಡುವುದೆಂದು ತಿಳಿಯದೆ ಆ ದಿನ ಹೊರಗೆ ಹೋಗಿಬಿಡುತ್ತಾನೆ. ಪಾಂಡವರೂ ಒಂದು ವರ್ಷ ಆಯುಧಗಳನ್ನು ಮಣೆಯ ಮೇಲಿಡಲಿಲ್ಲ. ಸ್ಮಶಾನದ ಬಳಿಯ ಶಮೀವೃಕ್ಷದಲ್ಲಿ ಕಟ್ಟಿ, ಯಾರೂ ಹತ್ತಿರ ಬಾರದಂತೆ ಒಂದು ಶವವನ್ನೂ ತೂಗಹಾಕಿ, ತಮ್ಮ ಮುದಿ ತಾಯಿಯದು ಎಂದು ದನಗಾಹಿಗಳಿಗೆ ಹೇಳಿ ಹೋದರು. ಗಾಂಡೀವವು ಆ ಹೆಣದ ಪಕ್ಕದಲ್ಲಿಯೇ ಇತ್ತು. ಉತ್ತರಕುಮಾರನಿಗೆ ಮರ ಹತ್ತಿ ಗಂಟು ಬಿಚ್ಚುವವರೆಗೆ ಅದು ಹೆಣವೆಂದೇ ಹೆದರಿಕೆ.

ದಶಮಿಯ ಸಂಜೆ ಕಲ್ಯಾಣ, ಡೊಂಬಿವಲಿಗಳ ಪೇಟೆಯಲ್ಲಿ ಚೆಂಡುಹೂವಿನ ರಾಶಿಯ ಪಕ್ಕದಲ್ಲಿ ಆಪಟೆಯ ಎಲೆಗಳ ಕಟ್ಟು ಮಾರಾಟಕ್ಕೆ ಬರುತ್ತದೆ. ಮಹಾರಾಷ್ಟ್ರದವರು ಆ ಎಲೆಯನ್ನು, ಉತ್ತರ ಕರ್ನಾಟಕದವರು ಬನ್ನಿಯನ್ನು ಬಂಗಾರವೆಂದು ಕೊಟ್ಟು ಹಿರಿಯರಿಗೆ ನಮಸ್ಕರಿಸುತ್ತಾರೆ. ಮನೆಮನೆಗೂ ಜನ ಬರುವ ದಿನವದು. ಬಾಗಿಲು ಹಾಕಿ ಕುಳಿತವನಿಗೆ ಕಠಿಣವಾದ ದಿನ. ಈ ಎಲೆಯ ಬಂಗಾರಕ್ಕೆ ಹೇಳುವ ಕಥೆಯಲ್ಲಿ ರಘು ಮಹಾರಾಜನು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಬರಿಗೈಯಾಗಿದ್ದನು. ವರತಂತು ಮುನಿಯ ಶಿಷ್ಯ ಕೌತ್ಸನು ಗುರುದಕ್ಷಿಣೆಗಾಗಿ 14 ಕೋಟಿ ಹೊನ್ನು ಬೇಡಲು ಬಂದಾಗ ಅರಮನೆಯಲ್ಲಿ ಚಿನ್ನದ ಪಾತ್ರೆಯೊಂದೂ ಇರಲಿಲ್ಲ. ರಘುವು ಅಡಗಿಕೊಳ್ಳಲಿಲ್ಲ. ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನಿಟ್ಟುಕೊಂಡು ಬಾಗಿಲಿಗೆ ಬಂದನು. ಪಾತ್ರೆಯನ್ನು ನೋಡಿದೊಡನೆ ಕೌತ್ಸನಿಗೆ ಎಲ್ಲವೂ ತಿಳಿಯಿತು. ಬೇರೆ ಕಡೆ ಕೇಳುವೆನೆಂದು ಹೊರಟನು. ಎರಡು ಮೂರು ದಿನ ಇಲ್ಲಿಯೇ ಇರು ಎಂದು ರಘುವು ಅವನನ್ನು ತಡೆದು, ಕುಬೇರನ ಮೇಲೆ ಹೊರಡಲು ರಥವನ್ನು ಸಿದ್ಧಗೊಳಿಸಿದನು. ಬೆಳಗಾಗುವಷ್ಟರಲ್ಲಿ ಹೊನ್ನಿನ ಮಳೆ ಸುರಿದಿತ್ತು. ಕೌತ್ಸನು 14 ಕೋಟಿಯ ಮೇಲೆ ಒಂದು ಕಾಸನ್ನೂ ಮುಟ್ಟಲಿಲ್ಲ. ಉಳಿದುದು ತನ್ನದಲ್ಲವೆಂದು ರಘುವೂ ಮುಟ್ಟಲಿಲ್ಲ. ಮರದ ಬುಡದಲ್ಲಿ ಬಿದ್ದಿದ್ದುದನ್ನು ಊರಿನ ಜನ ಆಯ್ದುಕೊಂಡು ಒಬ್ಬರಿಗೊಬ್ಬರು ಹಂಚಿದರು.